ಗಾಡಿ ವಿಮೆ ಮತ್ತು ಅಪಘಾತ ಪರಿಹಾರ: ರೈತರು ತಿಳಿದಿರಬೇಕಾದ ಲೆಕ್ಕ

ಬೆಳೆ ವಿಮೆ ಅಂದರೆ ನಮ್ಮ ಕಡೆ ರೈತರೆಲ್ಲ ಕಿವಿ ನಿಮಿರಿಸುತ್ತಾರೆ. ಕಂತು ಕಟ್ಟುವ ಕಡೇ ದಿನ ಯಾವುದು, ಯಾವ ಹೋಬಳಿಗೆ ಎಷ್ಟು ಬಂತು ಎಂದು ಬಾಯಿಪಾಠ ಹೇಳುತ್ತಾರೆ. ಅದೇ ಮೊಪೆಡ್ಡಿನ ವಿಮೆ, ಟ್ರ್ಯಾಕ್ಟರಿನ ವಿಮೆ ಅಂದರೆ ಪೊಲೀಸರು ಅಡ್ಡ ಹಾಕಿದಾಗ ತೋರಿಸುವ ಚೀಟಿ ಎಂದೇ ಲೆಕ್ಕ. ಆ ಚೀಟಿಯಲ್ಲಿ ಏನು ಬರೆದಿದೆ ಅಂತ ಓದಿದವರು ಊರಿಗೆ ಇಬ್ಬರು ಸಿಕ್ಕಿದರೆ ಹೆಚ್ಚು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಬೇಸಾಯ. ಶೇಂಗಾ, ತೊಗರಿ, ರಾಗಿ, ಜೊತೆಗೆ ಒಂದೆರಡು ಹಸು. ನಮ್ಮೂರಿನ ಎರಡು ಮನೆಯವರ ಜೊತೆ ಅಪಘಾತದ ಕೇಸಿಗಾಗಿ ನಾನು ಕೋರ್ಟಿಗೆ ಹಲವು ಸಾರಿ ಓಡಾಡಿದ್ದೇನೆ. ಒಂದು ಮನೆಯಲ್ಲಿ ಯಜಮಾನ ತೀರಿಕೊಂಡಿದ್ದ. ಇನ್ನೊಂದು ಮನೆಯವನು ಟ್ರ್ಯಾಕ್ಟರಿನ ಮಾಲೀಕ, ಅವನ ಮೇಲೇ ಕೇಸು. ಆ ಓಡಾಟದಲ್ಲಿ ವಕೀಲರನ್ನು ಕೇಳಿ, ತೀರ್ಪುಗಳನ್ನು ಓದಿಸಿಕೊಂಡು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಹೇಳಬೇಕಾದ್ದು ಒಂದೇ. ವಿಮೆ ಹಣ ನೋವು ನೋಡಿ ಬರುವುದಿಲ್ಲ, ಕಾಗದ ನೋಡಿ ಬರುತ್ತದೆ. ಕಾಗದ ಸರಿ ಇಲ್ಲದಿದ್ದರೆ ಸತ್ತವನ ಮನೆಗೆ ಬರಬೇಕಾದ್ದು ಬರುವುದಿಲ್ಲ. ಗಾಡಿಯ ಮಾಲೀಕ ರೈತನಾಗಿದ್ದರೆ ಅವನ ಜಮೀನಿಗೂ ಕುತ್ತು ಬರುತ್ತದೆ.

ಜಮೀನಿಗೆ ಹೇಗೆ ಕುತ್ತು?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ರಸ್ತೆಗೆ ಇಳಿಯುವ ಎಲ್ಲ ಗಾಡಿಗೂ ಮೂರನೆಯವರ ವಿಮೆ ಕಡ್ಡಾಯ. ಇದನ್ನೇ ಥರ್ಡ್ ಪಾರ್ಟಿ ಅನ್ನುತ್ತಾರೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಕೊಡಬೇಕಾದ ಪರಿಹಾರವನ್ನು ನಮ್ಮ ಬದಲು ಕಂಪನಿ ಕೊಡುತ್ತದೆ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಾರಿ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ, ಜೈಲೂ ಆಗಬಹುದು. ಆದರೆ ದಂಡ ದೊಡ್ಡದಲ್ಲ. ವಿಮೆ ಇಲ್ಲದಿದ್ದರೆ ಅಥವಾ ವಿಮೆಯ ಷರತ್ತು ಮುರಿದಿದ್ದರೆ ಪರಿಹಾರದ ಪೂರಾ ಹಣ ಮಾಲೀಕನ ತಲೆ ಮೇಲೆ ಬೀಳುತ್ತದೆ. ಕಟ್ಟದಿದ್ದರೆ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಬರೆಯುತ್ತದೆ. ಅವರು ಅದನ್ನು ಕಂದಾಯ ಬಾಕಿಯಂತೆ ವಸೂಲಿ ಮಾಡುತ್ತಾರೆ. ಕಾಯ್ದೆಯ 174ನೇ ಕಲಮು ಇದನ್ನೇ ಹೇಳುತ್ತದೆ. ಕಂದಾಯ ಬಾಕಿ ಅಂದರೆ ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಟ್ರೇಲರಿನಲ್ಲಿ ಕೂತವರು

ಕಳೆ ತೆಗೆಯುವ ಹೆಣ್ಣಾಳುಗಳು, ಶೇಂಗಾ ಕೀಳುವ ಆಳುಗಳು, ಜಾತ್ರೆಗೆ, ಮದುವೆಗೆ, ಮಣ್ಣಿಗೆ ಹೋಗುವವರು, ಎಲ್ಲರೂ ನಮ್ಮಲ್ಲಿ ಹತ್ತುವುದು ಟ್ರ್ಯಾಕ್ಟರಿನ ಟ್ರೇಲರನ್ನೇ. ಹತ್ತಿಸಿಕೊಳ್ಳದಿದ್ದರೆ ಊರಲ್ಲಿ ಮಾತು ಬರುತ್ತದೆ. ಆದರೆ ಕಾನೂನಿನ ಕಣ್ಣಿಗೆ ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು, ಅದು ಡ್ರೈವರನದು. ಮಡ್‌ಗಾರ್ಡ್ ಮೇಲೆ ಕೂತವನು, ಟ್ರೇಲರಿನಲ್ಲಿ ನಿಂತವನು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಇದು ನನ್ನ ಮಾತಲ್ಲ. ಸಾಮಾನು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡವರಿಗೆ ಕಂಪನಿ ಹೊಣೆಯಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತರಕಾರಿ ಜೊತೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಾರುಕಟ್ಟೆಗೆ ಹೊರಟವರ ಕೇಸು 2004ರಲ್ಲಿ ಅಲ್ಲಿಗೆ ಹೋದಾಗಲೂ ಕಂಪನಿ ಹೊಣೆ ಅಲ್ಲ ಎಂದಾಯಿತು. 2007ರಲ್ಲಿ ಇನ್ನೊಂದು ಕೇಸು ಬಂತು. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಇಟ್ಟಿಗೆ ಭಟ್ಟಿಗೆ ಮಣ್ಣು ಹೊಡೆಯಲು ಹಾಕಿದ್ದರು. ಟ್ರೇಲರಿನಲ್ಲಿದ್ದ ಕೂಲಿಯವನಿಗೆ ಪೆಟ್ಟಾಯಿತು. ಕಂಪನಿಗೆ ಹೊಣೆ ಇಲ್ಲ ಎಂದೇ ಕೋರ್ಟು ಹೇಳಿತು. ಆದರೆ ಕೂಲಿಯವನು ಬಡವ ಎಂದು ತನ್ನ ವಿಶೇಷ ಅಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂದಿತು. ಅಂದರೆ ಕೊನೆಗೆ ಹಣ ಹೋಗುವುದು ಮಾಲೀಕನ ಮನೆಯಿಂದಲೇ. ನಮ್ಮೂರಿನ ಕೇಸಿನಲ್ಲೂ ಆಗಿದ್ದು ಹೀಗೇ. ಆ ಮನೆಯವರು ಈಗಲೂ ಕಂತು ಕಟ್ಟುತ್ತಿದ್ದಾರೆ.

ಆದ್ದರಿಂದ ಟ್ರ್ಯಾಕ್ಟರ್ ಇಟ್ಟವರು ಪಾಲಿಸಿ ತೆಗೆದು ಇಷ್ಟನ್ನು ನೋಡಬೇಕು.

ಒಂದು, ಟ್ರೇಲರಿನ ನಂಬರು ಪಾಲಿಸಿಯಲ್ಲಿ ಇದೆಯೇ? ಟ್ರೇಲರಿಗೆ ಬೇರೆ ನೋಂದಣಿ, ಬೇರೆ ಪ್ರೀಮಿಯಂ. ಇಂಜಿನ್ನಿಗೆ ಮಾತ್ರ ಕಟ್ಟಿ ಟ್ರೇಲರನ್ನು ಬಿಟ್ಟಿರುವವರು ಬಹಳ ಜನ.

ಎರಡು, ಬೇಸಾಯಕ್ಕೆ ಮಾತ್ರ ಎಂದು ಬರೆದಿದೆಯೇ? ಹಾಗಿದ್ದರೆ ಬಾಡಿಗೆಗೆ ಮರಳು, ಜಲ್ಲಿ, ಇಟ್ಟಿಗೆ ಹೊಡೆಯುವಾಗ ವಿಮೆ ನಿಮ್ಮ ಕೈ ಹಿಡಿಯುವುದಿಲ್ಲ. ಬಾಡಿಗೆ ಹೊಡೆಯುವವರು ಅದಕ್ಕೆ ತಕ್ಕ ನೋಂದಣಿ, ತಕ್ಕ ಪಾಲಿಸಿ ಮಾಡಿಸಬೇಕು.

ಮೂರು, ಸಂಬಳದ ಡ್ರೈವರ್ ಇದ್ದರೆ ಅವನಿಗೆ ಪ್ರೀಮಿಯಂ ಕಟ್ಟಿದೆಯೇ? ಹೇರುವ, ಇಳಿಸುವ ಆಳುಗಳಿಗೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಲು ಆಗುತ್ತದೆಯೇ ಅಂತ ಏಜೆಂಟರನ್ನು ಕೇಳಿ. ಆಗುತ್ತದೆ ಅಂದರೆ ಬಾಯಿ ಮಾತು ಸಾಲದು, ಪಾಲಿಸಿಯ ಮೇಲೆ ಬರೆಸಿಕೊಳ್ಳಿ.

ನಾಲ್ಕು, ಓಡಿಸುವವನ ಹತ್ತಿರ ಆ ಗಾಡಿಗೆ ತಕ್ಕ ಲೈಸೆನ್ಸ್ ಇದೆಯೇ? ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರೇಲರು ಕಟ್ಟಿ ಓಡಿಸಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು 2001ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಬರೀ ಬೈಕಿನ ಲೈಸೆನ್ಸ್ ಇಟ್ಟುಕೊಂಡು ಟ್ರ್ಯಾಕ್ಟರ್ ಓಡಿಸಿದರೆ ಅದು ನಡೆಯುವುದಿಲ್ಲ. ಹೈಸ್ಕೂಲು ಹುಡುಗನ ಕೈಗೆ ಸ್ಟೇರಿಂಗ್ ಕೊಡುವ ಅಪ್ಪಂದಿರು ಕೇಳಿ: 2019ರ ತಿದ್ದುಪಡಿಯ ನಂತರ, 18 ತುಂಬದ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಅಪ್ಪನಿಗೋ ಗಾಡಿ ಮಾಲೀಕನಿಗೋ ಮೂರು ವರ್ಷದ ತನಕ ಜೈಲು, 25,000 ರೂ. ದಂಡ ಇದೆ.

ಆಳುಗಳನ್ನು ಕರೆತರಬೇಕಾದರೆ ಜನ ಕೂರುವ ಆಟೋ, ಟೆಂಪೋಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಸರಿ. ಮೂರೆಕರೆ ಜಮೀನಿನ ಮುಂದೆ ಅದು ಏನೂ ಅಲ್ಲ.

ಬೈಕು, ಮೊಪೆಡ್ಡು

ಇಲ್ಲೂ ಎರಡು ಬಗೆಯ ಪಾಲಿಸಿ ಇವೆ. ಕಡಿಮೆ ದುಡ್ಡಿನದು ಬರೀ ಥರ್ಡ್ ಪಾರ್ಟಿ. ಹೆಚ್ಚಿನದು ಪ್ಯಾಕೇಜ್, ಜನ ಫುಲ್ ಇನ್ಶೂರೆನ್ಸ್ ಅನ್ನುತ್ತಾರೆ. ಬರೀ ಥರ್ಡ್ ಪಾರ್ಟಿ ಇದ್ದರೆ, ನಿಮ್ಮ ಹಿಂದೆ ಕೂತ ಹೆಂಡತಿಗೋ ಅಕ್ಕನಿಗೋ ನಿಮ್ಮ ತಪ್ಪಿನಿಂದ ಪೆಟ್ಟಾದರೆ ನಿಮ್ಮ ಕಂಪನಿ ಕೊಡುವುದಿಲ್ಲ. 2006ರ ಸುಪ್ರೀಂ ಕೋರ್ಟು ತೀರ್ಪು ಹಾಗಿದೆ. ಪ್ಯಾಕೇಜ್ ಪಾಲಿಸಿಯಾದರೆ ಹಿಂದೆ ಕೂತವರೂ ಸೇರುತ್ತಾರೆ. ಎದುರಿನ ಲಾರಿಯ ತಪ್ಪಾಗಿದ್ದರೆ ಮಾತ್ರ ಯಾವ ಪಾಲಿಸಿ ಆದರೂ ಚಿಂತೆಯಿಲ್ಲ. ಆಗ ಲಾರಿಯ ವಿಮೆ ಮೇಲೆ ಕೇಳಬಹುದು.

ಇನ್ನು ಓಡಿಸುವವನೇ ಆಯ ತಪ್ಪಿ ಮರಕ್ಕೋ ಸೇತುವೆ ಕಟ್ಟೆಗೋ ಗುದ್ದಿಕೊಂಡರೆ? ಮೂರನೆಯವರೇ ಇಲ್ಲ, ಹಾಗಾಗಿ ಥರ್ಡ್ ಪಾರ್ಟಿ ವಿಮೆಯಿಂದ ಏನೂ ಬರುವುದಿಲ್ಲ. ಅದಕ್ಕಾಗಿಯೇ ಮಾಲೀಕ ಚಾಲಕನ ಅಪಘಾತ ವಿಮೆ ಅಂತ ಬೇರೆ ಇದೆ, 15 ಲಕ್ಷ ರೂಪಾಯಿಯದು. ಗಾಡಿ ಅವನ ಹೆಸರಿನಲ್ಲಿ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಪಾಲಿಸಿ ಮಾಡಿಸುವಾಗ ದುಡ್ಡು ಉಳಿಸಲು ಇದನ್ನೇ ತೆಗೆಸುವವರಿದ್ದಾರೆ. ತೆಗೆಸಬೇಡಿ.

ಬೇರೆಯವರ ಬೈಕು ಕೇಳಿ ತಂದವನು ತಾನೇ ಬಿದ್ದರೆ ಅವನು ಮಾಲೀಕನ ಜಾಗದಲ್ಲಿ ನಿಂತವನು, ಆ ಬೈಕಿನ ವಿಮೆ ಮೇಲೆ ಮೂರನೆಯವನಂತೆ ಕೇಳುವ ಹಾಗಿಲ್ಲ. ಇದನ್ನು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದ್ದೇ ಒಂದು ಕೇಸಿನಲ್ಲಿ. ಬೈಕು ಎರವಲು ತಂದವನು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡಿದ್ದ.

ಹಳೇ ಗಾಡಿ ಮಾರಿದವರು ಆರ್.ಸಿ. ಹೆಸರು ಬದಲಾಗುವ ತನಕ ನಿದ್ದೆ ಮಾಡಬಾರದು. ಮಾರಾಟದ ಚೀಟಿ ಜೇಬಿನಲ್ಲಿದ್ದರೂ, ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆಗಾರ ಎಂದು 2018ರ ತೀರ್ಪು ಇದೆ. ಕೊಂಡವನು 14 ದಿನದೊಳಗೆ ವಿಮೆಯನ್ನೂ ತನ್ನ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು.

ಅಪಘಾತವಾದ ದಿನ

ಮೊದಲು ಜೀವ. 108ಕ್ಕೆ ಫೋನ್ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಹಿಡಿದು ಕೂರಿಸುವ ಹಾಗಿಲ್ಲ. ಅವನಿಗೆ ಕಾಯ್ದೆಯ ರಕ್ಷಣೆ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದ ತನಕ, ಒಬ್ಬರಿಗೆ ಒಂದೂವರೆ ಲಕ್ಷ ರೂ. ಮೀರದಂತೆ, ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ದುಡ್ಡು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದೆ. ಆಸ್ಪತ್ರೆಗೆ ಹೋದ ತಕ್ಷಣ ಇದನ್ನು ಕೇಳಿ.

ಡಾಕ್ಟರ ಮುಂದೆ ಮಾತು ಸರಿಯಾಗಿರಲಿ. ಪೊಲೀಸ್ ತಕರಾರು ಬೇಡ ಅಂತ ಕೆಲವರು 'ಮನೇಲಿ ಬಿದ್ದ' ಅಂದುಬಿಡುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಹಾಗೆ ಬರೆದರೆ ಮುಗಿಯಿತು, ಕಂಪನಿ ವಕೀಲರು ಕೋರ್ಟಿನಲ್ಲಿ ಮೊದಲು ಹಿಡಿಯುವುದು ಅದೇ ಸಾಲನ್ನು. ರಸ್ತೆ ಅಪಘಾತ, ಇಂಥ ಜಾಗ, ಇಂಥ ಗಾಡಿ ಅಂತ ಹೇಳಿ ಎಂ.ಎಲ್.ಸಿ. ಬರೆಸಿ.

ಎರಡನೆಯದು ದೂರು. ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಗಾಯಾಳುವನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ದೂರು ಒಂದೆರಡು ದಿನ ತಡವಾದರೆ ಅದೊಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದು ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಂತ ಸುಮ್ಮನೆ ತಡ ಮಾಡಬೇಡಿ. ಗಾಡಿ ಎತ್ತುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗಾಡಿಯ ನಂಬರು, ಬಿದ್ದ ಜಾಗ, ಬ್ರೇಕ್ ಹಾಕಿದ ಗುರುತು, ನೋಡಿದವರ ಹೆಸರು ಬರೆದಿಡಿ.

ಮೂರನೆಯದು ರಾಜಿ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಮನೆ ಹಾಳಾಗುವುದು ಇಲ್ಲೇ. ಗುದ್ದಿದವನ ಕಡೆಯ ನಾಲ್ಕು ಜನ ಬರುತ್ತಾರೆ, ನಮ್ಮೂರ ಹಿರಿಯರನ್ನೂ ಕೂರಿಸಿಕೊಳ್ಳುತ್ತಾರೆ. 'ಆಗಿದ್ದು ಆಯ್ತು, ಇಪ್ಪತ್ತು ಸಾವಿರ ತಗೊಂಡು ಬಿಟ್ಬಿಡಿ, ಕೋರ್ಟು ಕಚೇರಿ ಯಾಕೆ' ಅನ್ನುತ್ತಾರೆ. ದೂರು ಇಲ್ಲದಿದ್ದರೆ ಮಹಜರು ಇಲ್ಲ, ಗಾಡಿ ತಪಾಸಣೆ ಇಲ್ಲ, ಆಮೇಲೆ ಕೇಸು ನಿಲ್ಲಿಸುವುದು ಬಹಳ ಕಷ್ಟ. ಪರಿಹಾರ ಬರುವುದು ಗುದ್ದಿದವನ ಜೇಬಿನಿಂದಲ್ಲ, ಅವನು ಪ್ರೀಮಿಯಂ ಕಟ್ಟಿದ ಕಂಪನಿಯಿಂದ. ಅವನ ಕಾಗದ ಸರಿ ಇದ್ದರೆ ದೂರು ಕೊಟ್ಟರೂ ಅವನ ಮನೆ ಮುಳುಗುವುದಿಲ್ಲ. ಹಿರಿಯರಿಗೆ ಇದನ್ನು ಹೇಳಿ ಒಪ್ಪಿಸಬೇಕು.

ಲೆಕ್ಕ ಹೇಗೆ ಹಾಕುತ್ತಾರೆ?

ಪರಿಹಾರ ಅಂದರೆ ಜಡ್ಜ್ ಸಾಹೇಬರ ಮನಸ್ಸಿಗೆ ಬಂದಷ್ಟು ಅಂತ ಜನ ತಿಳಿದಿದ್ದಾರೆ. ಹಾಗಲ್ಲ, ಅದಕ್ಕೆ ಕೋಷ್ಟಕ ಇದೆ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಕೇಸಿನಲ್ಲಿ, 2017ರಲ್ಲಿ ಪ್ರಣಯ್ ಸೇಥಿ ಕೇಸಿನಲ್ಲಿ ಲೆಕ್ಕವನ್ನು ಗೊತ್ತು ಮಾಡಿದೆ. ಸತ್ತವನ ವಯಸ್ಸಿಗೆ ತಕ್ಕ ಗುಣಕ ಹೀಗಿದೆ:

15ರಿಂದ 25 ವರ್ಷ: 18
26ರಿಂದ 30: 17
31ರಿಂದ 35: 16
36ರಿಂದ 40: 15
41ರಿಂದ 45: 14
46ರಿಂದ 50: 13
51ರಿಂದ 55: 11
56ರಿಂದ 60: 9
61ರಿಂದ 65: 7
65 ದಾಟಿದವರು: 5

ಸ್ವಂತ ಕಸುಬಿನವರಿಗೆ, ಅಂದರೆ ನಮ್ಮಂಥವರಿಗೆ, ಮುಂದೆ ಆದಾಯ ಏರುತ್ತಿತ್ತು ಎಂದು 40 ವರ್ಷದೊಳಗಿದ್ದರೆ ಶೇ. 40, 40ರಿಂದ 50ರೊಳಗೆ ಶೇ. 25, 50ರಿಂದ 60ರೊಳಗೆ ಶೇ. 10 ಸೇರಿಸುತ್ತಾರೆ. ಸತ್ತವನ ಸ್ವಂತ ಖರ್ಚು ಎಂದು ಸ್ವಲ್ಪ ಕಳೆಯುತ್ತಾರೆ. ಅವನನ್ನು ನಂಬಿದವರು ಎರಡು ಮೂರು ಜನ ಇದ್ದರೆ ಮೂರನೇ ಒಂದು ಪಾಲು, ನಾಲ್ಕರಿಂದ ಆರು ಜನ ಇದ್ದರೆ ಕಾಲು ಪಾಲು, ಆರಕ್ಕಿಂತ ಹೆಚ್ಚಿದ್ದರೆ ಐದನೇ ಒಂದು ಪಾಲು. ಮದುವೆಯಾಗದವನಾದರೆ ಸಾಮಾನ್ಯವಾಗಿ ಅರ್ಧ.

ಒಂದು ಲೆಕ್ಕ ಮಾಡಿ ನೋಡೋಣ. 38 ವರ್ಷದ ರೈತ. ಹೆಂಡತಿ, ಎರಡು ಮಕ್ಕಳು, ತಾಯಿ. ತಿಂಗಳ ಆದಾಯ 12,000 ರೂ. ಅಂತ ಕೋರ್ಟು ಒಪ್ಪಿತು ಅನ್ನಿ. ಶೇ. 40 ಸೇರಿಸಿದರೆ 16,800. ಕಾಲು ಪಾಲು ಕಳೆದರೆ 12,600. ವರ್ಷಕ್ಕೆ 1,51,200. ಗುಣಕ 15. ಒಟ್ಟು 22,68,000 ರೂ.

ಅದೇ ರೈತನ ಆದಾಯವನ್ನು 8,000 ರೂ. ಎಂದು ಮಾತ್ರ ಒಪ್ಪಿದರೆ? 11,200, ಕಾಲು ಕಳೆದು 8,400, ವರ್ಷಕ್ಕೆ 1,00,800, ಗುಣಕ 15ರಿಂದ 15,12,000 ರೂ. ತಿಂಗಳ ಲೆಕ್ಕದಲ್ಲಿ ನಾಲ್ಕು ಸಾವಿರದ ವ್ಯತ್ಯಾಸ ಕೊನೆಗೆ 7,56,000 ರೂ. ಆಗಿ ನಿಲ್ಲುತ್ತದೆ. ಕಾಗದದ ಬೆಲೆ ಇದು.

ಇದರ ಜೊತೆಗೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಂಗಾತಿ ಕಳೆದುಕೊಂಡದ್ದಕ್ಕೆ 40,000 ರೂ. ಎಂದು 2017ರಲ್ಲಿ ಗೊತ್ತಾಯಿತು. ಮೂರು ವರ್ಷಕ್ಕೊಮ್ಮೆ ಇವನ್ನು ಶೇ. 10 ಏರಿಸಬೇಕು. ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಗೂ ಈ ಬಾಬತ್ತು ಉಂಟು ಎಂದು 2018ರ ತೀರ್ಪು ಹೇಳಿದೆ. ಅರ್ಜಿಯಲ್ಲಿ ವಯಸ್ಸಾದ ತಾಯಿಯ ಹೆಸರು ಬಿಡಬೇಡಿ.

ರೈತನ ಆದಾಯಕ್ಕೆ ಸಾಕ್ಷಿ ಏನು?

ನೌಕರನಿಗೆ ಸಂಬಳದ ಚೀಟಿ ಇದೆ, ನಮಗೆ ಏನಿದೆ? ಏನೂ ತೋರಿಸದಿದ್ದರೆ ಕೋರ್ಟು ಕೂಲಿಯವನ ಅಂದಾಜು ಆದಾಯ ಹಿಡಿಯುತ್ತದೆ. ಕರ್ನಾಟಕದಲ್ಲಿ ಇದಕ್ಕೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಪಟ್ಟಿ ಇದೆ, ಅಪಘಾತವಾದ ವರ್ಷಕ್ಕೆ ಇಷ್ಟು ಅಂತ. ನಮ್ಮ ಹೈಕೋರ್ಟೂ ಅದನ್ನೇ ಹಿಡಿಯುತ್ತದೆ. ನಿಮ್ಮ ಕೇಸಿನಲ್ಲಿ ಆ ಪಟ್ಟಿಗಿಂತ ಕಡಿಮೆ ಹಿಡಿದಿದ್ದರೆ ವಕೀಲರನ್ನು ಕೇಳಲೇಬೇಕು.

ಕಂಪನಿ ಕಡೆಯವರ ಇನ್ನೊಂದು ವಾದ ಇದೆ. 'ಜಮೀನು ಎಲ್ಲಿಗೂ ಹೋಗಿಲ್ಲ, ಮನೆಯವರ ಹೆಸರಿಗೇ ಬಂದಿದೆ, ಹಾಗಾದರೆ ಬೇಸಾಯದ ಆದಾಯ ನಷ್ಟ ಹೇಗೆ?' ನಮ್ಮೂರ ಹೆಣ್ಣುಮಗಳನ್ನು ಸಾಕ್ಷಿ ಕಟ್ಟೆಯಲ್ಲಿ ಹೀಗೇ ಕೇಳಿದರು. ಆಕೆ, 'ಜಮೀನು ಐತೆ ಸಾಮಿ, ನೇಗಿಲು ಹೂಡೋರು ಯಾರು?' ಅಂದಳು. ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಜಮೀನು ಉಳಿದರೂ ಅದನ್ನು ನೋಡಿಕೊಂಡು ನಡೆಸುವವನ ದುಡಿಮೆ ಹೋಯಿತಲ್ಲ, ಅದಕ್ಕೆ ಬೆಲೆ ಕಟ್ಟಬೇಕು ಎಂದು 2003ರ ಸುಪ್ರೀಂ ಕೋರ್ಟು ತೀರ್ಪಿನಲ್ಲಿದೆ. ಆದರೆ ಆ ದುಡಿಮೆಗೆ ಸಾಕ್ಷಿ ನಾವು ಕೊಡಬೇಕು.

ನಮ್ಮ ಮನೆಯಲ್ಲಿ ಈ ಕಾಗದಗಳನ್ನು ಒಂದು ಚೀಲದಲ್ಲಿ ಹಾಕಿ ಇಟ್ಟಿದ್ದೇನೆ: ಪಹಣಿ, ಅದರಲ್ಲಿ ಬೆಳೆ ಕಾಲಂ ಸರಿಯಾಗಿ ತುಂಬಿರಬೇಕು. ಹಾಲಿನ ಸೊಸೈಟಿಯ ಪುಸ್ತಕ. ಶೇಂಗಾ, ತೊಗರಿ ಹಾಕಿದ ಮಂಡಿಯ ಬಿಲ್ಲುಗಳು. ಕುರಿ, ಕರು ಮಾರಿದ್ದು ಬ್ಯಾಂಕಿಗೆ ಜಮಾ ಆದ ಪುಸ್ತಕ. ಬೆಳೆಸಾಲದ ಕಾಗದ. ಬೇರೆಯವರ ಜಮೀನು ಗುತ್ತಿಗೆ ಮಾಡುತ್ತಿದ್ದರೆ ಅದರ ಕರಾರು. ವಯಸ್ಸಿಗೆ ಶಾಲೆಯ ಟಿ.ಸಿ. ಆಧಾರಿನಲ್ಲಿ ವಯಸ್ಸು ತಪ್ಪಿದ್ದರೆ ಈಗಲೇ ಸರಿಮಾಡಿಸಿ. ವಯಸ್ಸಿನ ಒಂದು ವರ್ಷದ ತಪ್ಪು ಗುಣಕವನ್ನೇ ಬದಲಿಸಬಹುದು.

ಸಾವಾದ ಮನೆಯವರು ಇನ್ನೊಂದು ಕೆಲಸ ಮಾಡಬೇಕು. ಮುಂದಿನ ಹಂಗಾಮಿನಲ್ಲಿ ಉಳುಮೆಗೆ, ಬಿತ್ತನೆಗೆ, ಎಡೆಕುಂಟೆಗೆ ಎಷ್ಟು ಬಾಡಿಗೆ, ಎಷ್ಟು ಕೂಲಿ ಕೊಟ್ಟಿರಿ ಅಂತ ತಾರೀಖು ಹಾಕಿ ಬರೆದಿಡಿ. ಮೊದಲು ಅವನೇ ಮಾಡುತ್ತಿದ್ದ ಕೆಲಸಕ್ಕೆ ಈಗ ದುಡ್ಡು ಕೊಡಬೇಕಾಗಿದೆ ಎಂಬುದಕ್ಕೆ ಇದೇ ಸಾಕ್ಷಿ. ಜಮೀನು ಬೀಳು ಬಿದ್ದಿದ್ದರೆ ಪಹಣಿಯಲ್ಲಿ ಹಾಗೇ ಬರೆಸಿ.

ಕೈ ಕಾಲು ಊನವಾದವರಿಗೆ

ಇಲ್ಲಿ ಲೆಕ್ಕ ಬೇರೆ. ಡಾಕ್ಟರು ದೇಹದ ಊನ ಶೇ. 20 ಅಂತ ಬರೆಯುತ್ತಾರೆ. ಆದರೆ ದುಡಿಮೆ ಎಷ್ಟು ಹೋಯಿತು ಅನ್ನುವುದು ಬೇರೆ ಪ್ರಶ್ನೆ. ಅವನು ಯಾವ ಕಸುಬಿನವನು, ಈಗ ಏನು ಮಾಡಬಲ್ಲ ಅಂತ ನೋಡಿ ತೀರ್ಮಾನಿಸಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕುರ್ಚಿಯಲ್ಲಿ ಕೂತು ಬರೆಯುವವನಿಗೆ ಮಂಡಿ ಮಡಿಚಲು ಬಾರದಿದ್ದರೂ ಸಂಬಳ ನಿಲ್ಲುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವವನಿಗೆ, ಮೂಟೆ ಹೊರುವವನಿಗೆ ಅದೇ ಮಂಡಿ ಅರ್ಧ ದುಡಿಮೆ.

45 ವರ್ಷದ ರೈತ, ಆದಾಯ 12,000 ರೂ. ಅನ್ನಿ. ಕಾಯಂ ಊನದ ಕೇಸಿಗೂ ಮುಂದಿನ ಏರಿಕೆ ಸೇರಿಸಬೇಕೆಂದು 2020ರ ತೀರ್ಪು ಇರುವುದರಿಂದ ಶೇ. 25 ಸೇರಿಸಿ 15,000. ವರ್ಷಕ್ಕೆ 1,80,000. ಗುಣಕ 14. ಅದು 25,20,000. ದುಡಿಮೆ ನಷ್ಟ ಶೇ. 20 ಅಂದರೆ 5,04,000 ರೂ., ಶೇ. 40 ಅಂದರೆ 10,08,000 ರೂ. ಬದುಕಿರುವವನಿಗೆ ಸ್ವಂತ ಖರ್ಚು ಕಳೆಯುವುದಿಲ್ಲ. ಔಷಧ, ಓಡಾಟ, ನೋಡಿಕೊಂಡವರ ಖರ್ಚು, ನೋವಿಗೆ ಪರಿಹಾರ ಇವೆಲ್ಲ ಬೇರೆ. ಅದಕ್ಕೇ ನಿಮ್ಮ ಕೆಲಸ ಯಾವ ಯಾವ ಬಗೆಯದು, ಯಾವುದು ಈಗ ಆಗುವುದಿಲ್ಲ ಅಂತ ವಕೀಲರಿಗೂ ಡಾಕ್ಟರಿಗೂ ಬಿಡಿಸಿ ಹೇಳಿ. ಪೇಟೆಯ ವಕೀಲರಿಗೆ ಎಡೆ ಹೊಡೆಯುವುದು ಅಂದರೆ ಏನೆಂದು ಗೊತ್ತಿರಬೇಕಾಗಿಲ್ಲ. ಔಷಧದ ಬಿಲ್ಲು, ಎಕ್ಸರೇ, ಡಿಸ್ಚಾರ್ಜ್ ಕಾಗದ, ಆಸ್ಪತ್ರೆಗೆ ಹೋದ ಬಾಡಿಗೆ ಚೀಟಿ ಒಂದನ್ನೂ ಎಸೆಯಬೇಡಿ.

ಗುದ್ದಿದ ಗಾಡಿ ಸಿಗದಿದ್ದರೆ

ಹೆದ್ದಾರಿ ಪಕ್ಕದ ಊರುಗಳಲ್ಲಿ ರಾತ್ರಿ ಗುದ್ದಿ ಹೋದ ಗಾಡಿ ಸಿಗುವುದೇ ಇಲ್ಲ. ಆಗಲೂ ಪೂರಾ ಕೈ ಬಿಡಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಇದೆ. ಅರ್ಜಿ ಕೊಡಬೇಕಾದ್ದು ಕೋರ್ಟಿಗಲ್ಲ, ಅಪಘಾತವಾದ ತಾಲ್ಲೂಕಿನ ತಹಸೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ. ಇದಕ್ಕೂ ಎಫ್.ಐ.ಆರ್. ಬೇಕು.

ಗಾಡಿ ಸಿಕ್ಕಿದೆ, ಆದರೆ ಯಾರ ತಪ್ಪು ಅಂತ ತೋರಿಸುವುದು ಕಷ್ಟ ಅನ್ನುವವರಿಗೆ 164ನೇ ಕಲಮಿನ ದಾರಿ ಇದೆ. ತಪ್ಪು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬೇರೆಯೇ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ ರೂ. ಯಾರ ತಪ್ಪು ಅಂತ ನೋಡುವುದಿಲ್ಲ. ಸತ್ತವನು ಸೇರಿದ್ದನೆಂದೇ ಗೊತ್ತಿಲ್ಲದೆ ಮನೆಯವರು ಕೇಳದೆ ಬಿಡುತ್ತಾರೆ. ಪಾಸ್ ಪುಸ್ತಕದಲ್ಲಿ ಮೇ ಕೊನೆ, ಜೂನ್ ಮೊದಲಿನ ಸಾಲು ನೋಡಿ.

ಗಡುವು, ವಕೀಲರು, ಹಣ

1994ರಿಂದ ಪರಿಹಾರದ ಅರ್ಜಿಗೆ ಗಡುವು ಇರಲಿಲ್ಲ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಮತ್ತೆ ಬಂದಿದೆ. ಇದರ ಮೇಲೆ ತಕರಾರು ಹೋಗಿ, ತಡವಾಯಿತೆಂದು ಅರ್ಜಿ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ತಡವಾದವರು ಇದನ್ನು ಹಿಡಿದು ವಕೀಲರನ್ನು ಕಾಣಿ. ಉಳಿದವರು ಆರು ತಿಂಗಳೊಳಗೇ ಹಾಕಿ, ಮಧ್ಯಂತರ ಆದೇಶ ನಂಬಿ ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸ ಇರುವ ಜಾಗದ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಬೆಂಗಳೂರಿಗೋ ಪುಣೆಗೋ ಅಲೆಯಬೇಕಾಗಿಲ್ಲ. ಪೊಲೀಸರೂ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ಪೂರಾ ವರದಿ ನ್ಯಾಯಮಂಡಳಿಗೆ ಕೊಡಬೇಕೆಂದು ನಿಯಮ ಇದೆ. ಕೊಟ್ಟಿದ್ದಾರೆಯೇ ಅಂತ ಠಾಣೆಯಲ್ಲಿ ಕೇಳಿ.

ಆಸ್ಪತ್ರೆ ಬಾಗಿಲಲ್ಲೇ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳು ಇರುತ್ತಾರೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಫೀಸು ಮಾತಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಸಮಿತಿ ಇರುವುದು ತಾಲ್ಲೂಕಿನ ಕೋರ್ಟಿನಲ್ಲೇ.

ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರೆ ಹೋಗಿ, ಬೇಗ ಮುಗಿಯುತ್ತದೆ. ಆದರೆ ಹೋಗುವ ಮುಂಚೆ ಮೇಲಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಹಾಕಿಕೊಂಡು ಹೋಗಿ. ಅಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಅಪೀಲು ಇಲ್ಲ. ನ್ಯಾಯಮಂಡಳಿಯ ತೀರ್ಪು ಕಡಿಮೆಯಾಯಿತು ಅನಿಸಿದರೆ ಮಾತ್ರ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಬಂದ ಹಣದಲ್ಲಿ ಮಕ್ಕಳ ಪಾಲನ್ನು ಕೋರ್ಟು ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಇದಕ್ಕೆ ಬೇಜಾರು ಮಾಡುವವರಿದ್ದಾರೆ. ನೆಂಟರು ಬೋರ್‌ವೆಲ್ಲಿಗೆ, ಮದುವೆಗೆ ಎಂದು ಕೈಗಡ ಕೇಳುವ ಕಾಲದಲ್ಲಿ ಆ ಠೇವಣಿಯೇ ಮಕ್ಕಳನ್ನು ಓದಿಸಿದ್ದನ್ನು ನಾನು ನಮ್ಮೂರಲ್ಲೇ ನೋಡಿದ್ದೇನೆ.

ಈ ತಿಂಗಳು ಮಾಡಬೇಕಾದ್ದು ಇಷ್ಟು. ಗಾಡಿಯ ಪಾಲಿಸಿ ಹೊರಗೆ ತೆಗೆಯಿರಿ. ಕೊನೆ ತಾರೀಖು, ಯಾರ ಹೆಸರು, ಟ್ರೇಲರಿನ ನಂಬರು, ಹಿಂದೆ ಕೂತವರು ಸೇರಿದ್ದಾರೋ ಇಲ್ಲವೋ, ಮಾಲೀಕನ 15 ಲಕ್ಷದ ವಿಮೆ ಇದೆಯೋ ಇಲ್ಲವೋ, ಬೇಸಾಯಕ್ಕೋ ಬಾಡಿಗೆಗೋ, ಈ ಆರನ್ನು ಓದುವ ಮಕ್ಕಳ ಕೈಲಿ ಓದಿಸಿ. ಪಹಣಿ, ಹಾಲಿನ ಪುಸ್ತಕ, ಮಂಡಿ ಬಿಲ್ಲಿನ ಜೊತೆಗೆ ಅದನ್ನೂ ಒಂದೇ ಚೀಲದಲ್ಲಿ ಹಾಕಿ, ಚೀಲ ಎಲ್ಲಿದೆ ಅಂತ ಮನೆಯ ಹೆಂಗಸರಿಗೆ ಹೇಳಿಡಿ. ಬೇಕಾಗುವ ದಿನ ಅದನ್ನು ಹುಡುಕಬೇಕಾದವರು ಅವರೇ.